ಬೀಮಾ ಬಳೆ ತೊಟ್ಟರೆ ಗಾಡಿ ಹೊರಟಂತೆ

ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿಯ ಎರಡನೇ ಎಳೆ ಎಳೆಯುತ್ತಿದ್ದೇನೆ. ಎದುರಿನ ಗ್ಯಾರೇಜಿನಿಂದ ಇಮಾಮಬೀ ರಸ್ತೆ ದಾಟಿ ಬರುತ್ತಾರೆ.

“ತಂಗಿ, ಒಂದ್ ಚಮಚ ಅರಿಶಿಣ ಕೊಡು. ಅಡಗಿಗಲ್ಲ, ಗಾಡಿಗೆ.”

ಮೂರನೇ ತರಗತಿಯ ನನ್ನ ಮಗಳು ಅನುರಾಧಾ ಪಕ್ಕದಲ್ಲಿದ್ದ ಹಳದಿ ರಂಗೋಲಿಯ ಬಟ್ಟಲನ್ನೇ ಎತ್ತಿ ಹಿಡಿಯುತ್ತಾಳೆ. ಇಮಾಮಬೀ ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ತಿಕ್ಕಿ ನೋಡಿ ತಲೆಯಾಡಿಸುತ್ತಾರೆ. “ಇದು ಕಲ್ಲಿನ ಪುಡಿ ಅದವ್ವಾ. ಹೊಸಾ ಹಲ್ಲು ಸವದ್ ಹೋಗ್ತಾವ. ಅರಿಶಿಣ ಮೆತ್ತಗಿರ್ತದ.”

ಹಲ್ಲೆಂದರೆ ಗಿಯರಿನ ಹಲ್ಲು. ಶಹಾಪುರದ ಭೀಮರಾಯನಗುಡಿ ರಸ್ತೆಯ ಈ ಗ್ಯಾರೇಜಿನಲ್ಲಿ ಬಿಚ್ಚುವುದು, ಕೂಡಿಸುವುದು ಇಮಾಮಬೀ ಅವರ ತಮ್ಮ ಅಬ್ರಾರನ ಕೆಲಸ. ಐವತ್ತೆಂಟರ ಇಮಾಮಬೀ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿಯುವುದಿಲ್ಲ. ಅವರ ಕೆಲಸ ಕೇಳುವುದು. ರಿಪೇರಿಯಾದ ಗಾಡಿಯಲ್ಲಿ ಕುಳಿತು ಹೋಗಿ, ಹಿಂದಿನಿಂದ ಬರುವ ಸದ್ದು ಯಾವುದು, ಯಾಕೆ ಎಂದು ಹೇಳುವುದು. ಡ್ರೈವರುಗಳಿಗೆಲ್ಲ ಅವರು ‘ಬೀಮಾ’; ಈ ಕಡೆ ವಿಮೆಗೂ ಅದೇ ಮಾತು.

“ನಮ್ಮ ಗಾಡಿಗೆ ಎರಡು ಬೀಮಾ ಅವರಿ,” ಎನ್ನುತ್ತಾನೆ ಇವತ್ತಿನ ಗಿರಾಕಿ ಹಂಪಣ್ಣ. “ಕಾಗದದ ಬೀಮಾ ಗಾಡಿ ಕೆಟ್ಟ ಮ್ಯಾಲ. ಈ ಬೀಮಾ ಕೆಡಕ್ಕಿಂತ ಮೊದಲ.”

ಹಂಪಣ್ಣನ ಹತ್ತು ಸೀಟಿನ ಜೀಪು ಶಹಾಪುರದಿಂದ ಸುರಪುರದ ಮೇಲೆ ತಿಂಥಣಿಗೆ ಹೋಗಿ ಬರುತ್ತದೆ. ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಗುಂಡು ಇರುತ್ತದಲ್ಲ, ಅದರೊಳಗೆ ಪಿನಿಯನ್ ಎಂಬ ಸಣ್ಣ ಗಿಯರು ದೊಡ್ಡದೊಂದನ್ನು ತಿರುಗಿಸುತ್ತದೆ. ಎರಡೂ ಸವೆದಿದ್ದರಿಂದ ನಿನ್ನೆ ಹೊಸ ಜೋಡಿ ಬಿದ್ದಿದೆ. ಆಗಿನಿಂದ ಸದ್ದು ಶುರು.

“ಹಳೇದು ಸುಮ್ಮಿತ್ತು, ಹೊಸಾದು ಒದರಕತ್ತದ. ಇದ್ಯಾವ ನ್ಯಾಯರಿ?” ಎಂದು ಹಂಪಣ್ಣನ ತಕರಾರು.

“ಹೊಸಾ ಸೊಸಿ ಮನಿಗೆ ಹೊಂದಕ ಟೈಮ್ ಬೇಕಲ್ಲೋ,” ಅಬ್ರಾರ ನಗುತ್ತಾನೆ.

“ಸೊಸಿ ಮ್ಯಾಲ ಹಾಕಬ್ಯಾಡ. ಕೂಡಿಸಿದಾಂವ ನೀ,” ಎಂದು ಅಕ್ಕ ಅವನ ಬಾಯಿ ಮುಚ್ಚಿಸುತ್ತಾರೆ.

ನಾನು ಒಳಗಿನಿಂದ ತಂದುಕೊಟ್ಟ ಅರಿಶಿಣವನ್ನು ಇಮಾಮಬೀ ಎಣ್ಣೆಯಲ್ಲಿ ಕಲಸಿ ದೊಡ್ಡ ಗಿಯರಿನ ಹಲ್ಲುಗಳಿಗೆ ಸವರುತ್ತಾರೆ. ಕೈಯಿಂದಲೇ ನಾಲ್ಕು ಸುತ್ತು ತಿರುಗಿಸುತ್ತಾರೆ. ಎಲ್ಲಿ ಅರಿಶಿಣ ಅಳಿಸಿದೆಯೋ ಅಲ್ಲಿ ಹಲ್ಲಿಗೆ ಹಲ್ಲು ತಾಗಿದೆ ಎಂದರ್ಥ. ಗುರುತು ಹಲ್ಲಿನ ನಡುವೆ ಬರಬೇಕು. ಇಲ್ಲಿ ಬುಡಕ್ಕೆ ಬಂದಿದೆ. ಅಬ್ರಾರ ಪಿನಿಯನ್ನನ್ನು ಹೊರತೆಗೆದು, ಶಿಮ್ ಎಂಬ ಕಾಗದದಷ್ಟು ತೆಳ್ಳಗಿನ ಉಕ್ಕಿನ ಬಳೆಗಳನ್ನು ಬದಲಾಯಿಸಿ ಮತ್ತೆ ಕೂಡಿಸುತ್ತಾನೆ. ನಾನು ಒಲೆಯ ಮೇಲಿನ ಬೇಳೆ ಇಳಿಸಿ ಬರುವಷ್ಟರಲ್ಲಿ ಗುರುತು ನಡುವಿಗೆ ಬಂದಿದೆ. ಡೀಸೆಲ್ಲಿನಿಂದ ಅರಿಶಿಣ ತೊಳೆದು ಗುಂಡು ಮುಚ್ಚುತ್ತಾರೆ.

“ಕಣ್ಣಿಗೆ ಬರೋಬ್ಬರ್ ಕಂಡದ. ಇನ್ನ ಕಿವಿ ಒಪ್ಪಬೇಕು,” ಎನ್ನುತ್ತಾರೆ ಇಮಾಮಬೀ.

ಅವರ ಬಳಿ ಸದ್ದುಗಳಿಗೆ ಮನೆಯ ಹೆಸರುಗಳಿವೆ. ಆಕ್ಸಿಲರೇಟರ್ ತುಳಿದಾಗ ಊಂ ಎಂದು ಏರುವುದು ಬೆಕ್ಕು, ಹಲ್ಲು ಸರಿಯಾಗಿ ಕೂತಿಲ್ಲ. ತುಳಿದ ಕಾಲನ್ನು ಎತ್ತಿದಾಗ ಸಣ್ಣಗೆ ಬರುವುದು ಸೀಟಿ, ಪಿನಿಯನ್ನಿನ ಬೇರಿಂಗ್ ಸಡಿಲ. ತಿರುವಿನಲ್ಲಿ ಮಾತ್ರ ಗುಡುಗುಡು ಎಂದರೆ ಬಿಂದಿಗೆ, ಗುಂಡಿನೊಳಗಿನ ಬೇರೆ ಸಣ್ಣ ಗಿಯರುಗಳು ಸವೆದಿವೆ. ಯಾವಾಗಲೂ ಒಂದೇ ಸಮನೆ ಬರುವ ಬೀಸುಕಲ್ಲು ಗಾಲಿಯದೇ ತಕರಾರು, ಗುಂಡು ಬಿಚ್ಚಲೇಬೇಡಿ. ಯಾದಗಿರಿಯಿಂದ ಫೋನ್ ಮಾಡುವ ಡ್ರೈವರುಗಳೂ “ಬೀಮಾ, ಬೆಕ್ಕು ಬಂದದರಿ” ಎಂದೇ ಶುರು ಮಾಡುತ್ತಾರೆ.

ಕೊಂಕಲ್‌ನಲ್ಲಿ ಹುಟ್ಟಿ ಮದುವೆಯಾಗಿ ಬಂದ ಇವರಿಗೆ ಈ ಕೆಲಸವನ್ನು ಯಾರೂ ಕಲಿಸಲಿಲ್ಲ. ಗ್ಯಾರೇಜು ಹಾಕಿದ್ದು ಗಂಡ ಮುಜಫರ. ಬುತ್ತಿ ತಂದ ಹೆಂಡತಿಯನ್ನು ಟ್ರಯಲ್ ನೋಡುವ ಗಾಡಿಯಲ್ಲೇ ಮನೆಗೆ ಬಿಡುವ ರೂಢಿ. “ಒಂದಿನ ನಾ ಅಂದೆ, ಕೆಳಗ ಬೆಕ್ಕು ಸಿಕ್ಕೊಂಡದ ನೋಡ್ರಿ ಅಂತ. ಇವರು ನಕ್ಕರು. ಇವರಿಗೆ ಕೇಳಸ್ತಿರಲಿಲ್ಲ. ಸುತ್ತಿಗಿ ಬಡದ ಬಡದ ಕಿವಿ ಹೋಗಿತ್ತು, ಒಪ್ಪಕ ಮಾತ್ರ ತಯಾರಿಲ್ಲ. ನಾಕ ದಿನಕ್ಕ ಆ ಲಾರಿ ಹಲ್ಲು ಮುರಕೊಂಡು ರೋಡಿನ್ಯಾಗ ಅಡ್ಡ ನಿಂತಿತು.” ಅದು ಇಪ್ಪತ್ತಾರು ವರ್ಷದ ಹಿಂದಿನ ಮಾತು. ಈಗ ಮುಜಫರ ಮನೆಯಲ್ಲೇ ಇರುತ್ತಾರೆ. “ನಮ್ಮನಿ ಟಿವಿ ಇಡೀ ಗಲ್ಲಿ ಕೇಳ್ತದ, ಅವರೊಬ್ಬರನ್ನ ಬಿಟ್ಟು,” ಎಂದು ಇಮಾಮಬೀ ನಗುತ್ತಾರೆ.

ದಿನಕ್ಕೆ ಎರಡು ಮೂರು ಗಾಡಿ, ಹತ್ತಿ ಬಿಡಿಸುವ ಕಾಲದಲ್ಲಿ ಆರೂ ಆಗುತ್ತದೆ. ಒಂದೊಂದರಲ್ಲೂ ಕನಿಷ್ಠ ಏಳು ಕಿಲೋಮೀಟರು, ಗಾಡಿಯ ನೆಲದ ಮೇಲೆ ಗೋಣಿಚೀಲ ಹಾಸಿ ಕೂತು. ಹೊರಡುವ ಮುನ್ನ ಎರಡೂ ಕೈಯ ಗಾಜಿನ ಬಳೆ ತೆಗೆಯುತ್ತಾರೆ, ಅವುಗಳ ಕಿಣಿಕಿಣಿ ಅಡ್ಡ ಬರಬಾರದು. ತಿರುಗಿ ಬಂದು ಬಳೆ ತೊಟ್ಟರೆ ಗಾಡಿ ಪಾಸು. ಡ್ರೈವರು ಬೇರೇನೂ ಕೇಳುವುದಿಲ್ಲ, ಕೀಲಿ ತಿರುವಿ ಹೊರಡುತ್ತಾನೆ.

ಇವತ್ತು ಭಾನುವಾರ. ಬಳೆ ಹಿಡಿದುಕೊಳ್ಳುವ ಕೆಲಸ ಅನುವಿಗೆ ಸಿಕ್ಕಿದೆ. ಇಮಾಮಬೀ ಬಗ್ಗೆ ಪೇಪರಿಗೆ ಬರೆಯಬೇಕೆಂದಿರುವ ನಾನೂ ಅವಳ ನೆಪದಲ್ಲಿ ಜೀಪು ಹತ್ತಿದ್ದೇನೆ.

“ನಾಳಿ ಅಮಾಸಿ,” ಎಂದು ಹಂಪಣ್ಣ ಅವಸರ ಮಾಡುತ್ತಾನೆ. “ತಿಂಥಣಿ ಗುಡಿಗೆ ಹೋಗೂ ಮಂದಿ ಬೆಳಗ್ಗಿ ಆರಕ್ಕ ನಿಂತಿರ್ತಾರ. ಜಲ್ದಿ ಹೂಂ ಅನ್ರಿ ಬೀಮಾ.”

“ಪಿನಿಯನ್ ಜಾಮ್ ಆದ್ರ ಹಿಂದಿನ ಗಾಲಿ ಎರಡೂ ಒಮ್ಮಿಗೆ ಹಿಡಕೋತಾವ. ತುಂಬಿದ ಗಾಡಿ, ದಿಬ್ಬ ಇಳಿಯೂ ಮುಂದ ಹಂಗಾದ್ರ ನಿನ್ನ ಜಲ್ದಿ ಎಲ್ಲಿಗೆ ಒಯ್ತದೋ? ಸುಮ್ನ ಓಡಸು.”

ಜೀಪು ಭೀಮರಾಯನಗುಡಿಯತ್ತ ಓಡುತ್ತದೆ. ಇಮಾಮಬೀ ನೆಲದ ತಗಡಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿದ್ದಾರೆ. “ತುಳಿ,” ಎನ್ನುತ್ತಾರೆ. ಬೆಕ್ಕಿಲ್ಲ. “ನಲವತ್ತಕ್ಕ ಬಂತೇನು? ಈಗ ಕಾಲೆತ್ತು.” ನನಗೆ ಬರೀ ಗಾಳಿ ಕೇಳುತ್ತಿದೆ. ಅನು ನನ್ನ ಸೆರಗು ಜಗ್ಗುತ್ತಾಳೆ. ಹಸಿವಾಯಿತೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾಳೆ. ಹಂಪಣ್ಣ ಇನ್ನೊಮ್ಮೆ ಕಾಲೆತ್ತಿದಾಗ ಮತ್ತೆ ಜಗ್ಗುತ್ತಾಳೆ. ದೊಡ್ಡವರ ಕೆಲಸದ ನಡುವೆ ಮಾತಾಡಬಾರದೆಂದು ನಾನೇ ಹೇಳಿ ಕರೆತಂದಿದ್ದೇನೆ.

ತಿರುಗಿ ಬರುವಾಗ, ನಿಮಗೇನು ಆಸೆ ಎಂದು ಕೇಳುತ್ತೇನೆ. ಇಮಾಮಬೀ ತಡವರಿಸದೆ ಹೇಳುತ್ತಾರೆ, “ನಮ್ಮ ಮನಿಯವರ ಕಿವಿ ಹೋದಂಗ ನಂದೂ ಒಂದಿನ ಹೋಗ್ತದ. ಆ ದಿನ ಯಾರರ ಮಾರಿ ಮ್ಯಾಲ ಹೇಳಬೇಕು ತಂಗಿ. ಈ ಮಂದಿ ಬೀಮಾ ಬೀಮಾ ಅನಕೋತ ಮರ್ಯಾದಿಗೆ ಸುಮ್ಮಿರ್ತಾರ. ಗೊತ್ತಾಗಲಾರದ ಬಳಿ ತೊಟ್ಟಗಿಟ್ಟೇನು ಅಂತ ಅದೊಂದೇ ಫಿಕರ್.”

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವತ್ತು ಮಧ್ಯಾಹ್ನ ಅಬ್ರಾರ ಗುಂಡನ್ನು ಮತ್ತೆ ಬಿಚ್ಚುತ್ತಾನೆ. ಗುರುತೇನೋ ನಡುವೆಯೇ ಇದೆ, ಆದರೆ ಪಿನಿಯನ್ನಿನ ಬೇರಿಂಗ್ ಬೆರಳಿಗೆ ಅಲುಗುತ್ತದೆ. ಅದನ್ನು ಬಿಗಿ ಮಾಡಿದ ಮೇಲೆಯೇ ಹಂಪಣ್ಣ ಅಮಾವಾಸ್ಯೆಯ ಮಂದಿಯನ್ನು ತಿಂಥಣಿಗೆ ಒಯ್ದದ್ದು. ಈಗ ಭಾನುವಾರ ಬಂದರೆ ಗೋಣಿಚೀಲದ ಮೇಲೆ ಇಬ್ಬರು ಕೂರುತ್ತಾರೆ, ಒಬ್ಬರಿಗೆ ಬೆಕ್ಕು, ಇನ್ನೊಬ್ಬಳಿಗೆ ಸೀಟಿ. “ಪೇಪರಿಗೆ ಬರಿಯೂ ಮುಂದ ಕಡೀಕ ನನ್ನ ಮಾತು ಬ್ಯಾಡ,” ಎಂದು ಇಮಾಮಬೀ ನನಗೆ ತಾಕೀತು ಮಾಡಿದ್ದಾರೆ. “ಹುಡುಗಿ ಕೇಳಿದ್ದು ಇರಲಿ.”

ಹಾಗಾಗಿ, ಮತ್ತೆ ಆ ಭಾನುವಾರಕ್ಕೆ: ಜೀಪು ಗ್ಯಾರೇಜಿನ ಮುಂದೆ ಬಂದು ನಿಂತಿದೆ. ಹಂಪಣ್ಣ ಕೀಲಿಯಿಂದ ಕೈ ತೆಗೆದಿಲ್ಲ. ಇಮಾಮಬೀ ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಬಳೆಗಾಗಿ ಕೈ ಚಾಚುತ್ತಾರೆ.

“ಕೊಡವ್ವಾ.”

ಅನು ಎರಡೂ ಕೈ ಬೆನ್ನ ಹಿಂದೆ ಒಯ್ಯುತ್ತಾಳೆ. ಬಳೆಗಳು ಕಿಣಿ ಎನ್ನುತ್ತವೆ. ಒಮ್ಮೆ ನನ್ನ ಮುಖ ನೋಡುತ್ತಾಳೆ, ಆಮೇಲೆ ಅವರದು.

“ಬೀಮಾ, ಕಾಲ ಎತ್ತಿದಾಗೊಮ್ಮಿ ಸಣ್ಣಗ ಸೀಟಿ ಹೊಡಿಯಾಕತ್ತಿತ್ತಲ್ರಿ, ನಿಮಗ ಕೇಳಸಲಿಲ್ಲೇನ್ರಿ?”