ತುರುಬಿನ ಹಿಂಭಾಗ

ನಿನ್ನೆ ಪೋತ್ನಾಳದಿಂದ ಬಂದ ಮದುಮಗಳೊಬ್ಬಳು ಒದ್ದೆ ಬಟ್ಟೆಯಲ್ಲಿ ಸುತ್ತಿದ ಮರುಗವನ್ನು ನನ್ನ ಪಾರ್ಲರಿನ ಮೇಜಿನ ಮೇಲಿಟ್ಟಳು. ಸ್ಪ್ರೇ, ಶಾಂಪೂಗಳ ನಡುವೆ ಆ ವಾಸನೆ ಎದ್ದದ್ದೇ ತಡ, ಹಣಿಗೆ ಹಿಡಿದ ಕೈ ನಿಂತುಬಿಟ್ಟಿತು. ದೇವದುರ್ಗದ ನಮ್ಮ ಎದುರುಮನೆ ಅಕ್ಕ ನೆನಪಾದಳು…

ರಾಯಚೂರಿನಲ್ಲಿ ಈಗ ನನಗೊಂದು ಹೆಸರಿದೆ. ಹಳೇ ಶಿಲ್ಪಗಳ ತುರುಬನ್ನು ಇಂದಿನ ಮದುಮಗಳ ತಲೆಗೆ ಒಪ್ಪುವಂತೆ ಕಟ್ಟುವವಳು ಅಂತ. ಆ ವಿದ್ಯೆ ನನ್ನದಲ್ಲ, ಅಕ್ಕನದು.

ಮದುವೆಯಾದ ಎರಡೇ ವರ್ಷಕ್ಕೆ ಅಕ್ಕನ ಗಂಡ ತೀರಿಕೊಂಡಿದ್ದ. ತನ್ನ ತಲೆಗೆ ಹೂವಿಲ್ಲದ ಆಕೆಗೆ ನನ್ನ ಮೊಣಕಾಲುದ್ದದ ಕೂದಲೆಂದರೆ ಹುಚ್ಚು. ಊರ ಹೊರಗಿನ ಹಾಳುಗುಡಿಯ ಗೋಡೆಯಲ್ಲಿ ಒಂದು ಕಲ್ಲಿನ ಹೆಣ್ಣಿತ್ತು. ಎಡಕ್ಕೆ ಜಾರಿದ ದೊಡ್ಡ ತುರುಬು. ಅದರ ಮುಂದೆ ನನ್ನನ್ನು ಕೂರಿಸಿಕೊಂಡು ಅದೇ ತುರುಬನ್ನು ಕಟ್ಟುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು. ಕಲ್ಲಿನವಳಷ್ಟು ಭಾರ ಇರಬಾರದು, ಈಗಿನ ಹುಡುಗಿ ಬಸ್ಸಿನಲ್ಲಿ ಕುಳಿತು ಬಂದರೂ ಸಡಿಲಾಗಬಾರದು ಅಂತ ಅವಳ ಹಟ. ಆದರೆ ಕಲ್ಲಿನವಳ ಬೆನ್ನು ಗೋಡೆಯಲ್ಲಿ ಹೂತಿತ್ತು. ತುರುಬಿನ ಹಿಂಭಾಗ ಹೇಗಿತ್ತೋ, ನೋಡಿದವರಿಲ್ಲ.

"ಕಾಣೋ ಅಷ್ಟು ಆ ಕಲ್ಲು ಕಡದವಂದು. ಹಿಂದಿಂದು ನಂದೇ ನೋಡು," ಎನ್ನುತ್ತಿದ್ದಳು.

ಹಿಂಭಾಗಕ್ಕೆ ಐದೋ ಏಳೋ ಎಳೆ ತೆಗೆದು, ಒಂದರೊಳಗೊಂದು ಸಿಕ್ಕಿಸಿ, ನಡುವೆ ಮರುಗ ಇಡುತ್ತಿದ್ದಳು. ಒಂದೇ ಒಂದು ಪಿನ್ ಇಲ್ಲ. ನನಗೆ ಗೊತ್ತಿದ್ದುದು ಅವಳ ಬೆರಳು ಓಡಾಡಿದ್ದಷ್ಟೇ. ನನ್ನ ತಲೆಯ ಹಿಂಭಾಗ ನನಗೆಲ್ಲಿ ಕಾಣಬೇಕು? "ಹೆಂಗ ಕಾಣ್ತದ ತೋರ್ಸಬೇ ಯಕ್ಕಾ," ಎಂದು ಗೋಗರೆದರೆ ನಗುತ್ತಿದ್ದಳು.

"ನಿನ್ನ ಲಗ್ನದ ದಿನ ಹಿಂದೊಂದು ಮುಂದೊಂದು ಕನ್ನಡಿ ಹಿಡದು ತೋರಸ್ತೀನಿ. ಅಲ್ಲೀತನಕ ತಡಿ."

ಲಗ್ನ ಬಂತು. ಗಂಡಿನವರು ಮಾನ್ವಿಯವರು, ಅನುಕೂಲಸ್ಥರು. ಅಕ್ಕ ಎರಡು ಕೈಗನ್ನಡಿ ಒರೆಸಿ, ಸೆರಗಿನಲ್ಲಿ ಮುಚ್ಚಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತಳು. "ಆಕೀನ ಕಟ್ಲಿ ಬಿಡು, ಯಾರೇನಂತಾರ," ಎಂದಳು ಅವ್ವ. ಹೌದು, ಅವ್ವ ಒಪ್ಪಿದ್ದಳು. ಒಪ್ಪದವಳು ನಾನು.

"ಯಕ್ಕಾ, ನೀ ಬ್ಯಾಡ. ಮಾನ್ವಿ ಮಂದಿ ನೋಡಿದ್ರ ಏನಂದಾರು? ರಾಯಚೂರಿಂದ ಪಾರ್ಲರಿನಾಕಿ ಬಂದಾಳ."

ಅಕ್ಕ ಕನ್ನಡಿಗಳನ್ನು ಎದೆಗವುಚಿಕೊಂಡು ತನ್ನ ಮನೆಗೆ ಹೋದಳು. ವಿಧವೆಯ ಕೈ ತಲೆಗೆ ಸೋಕಿದರೆ ನನ್ನ ಸಂಸಾರ ಹಾಳಾಗುತ್ತದೆಂದು ಹೆದರಿದ್ದೆ, ಥೂ! ಹತ್ತು ವರ್ಷ ನನ್ನ ತಲೆ ಬಾಚಿದ್ದು ಅದೇ ಕೈ.

ಪಾರ್ಲರಿನವಳಿಗೆ ಮುಂಭಾಗ ಹೇಳಿಕೊಟ್ಟು ಕಟ್ಟಿಸಿಕೊಂಡೆ. ಹಿಂಭಾಗ ಅವಳಿಗೆ ಬರಲಿಲ್ಲ. ಮಲ್ಲಿಗೆ ದಂಡೆ ಸುತ್ತಿ ಮುಚ್ಚಿದಳು. ನಾನು ಕಾರು ಹತ್ತುವಾಗ ಎದುರುಮನೆ ಬಾಗಿಲಿಂದ ಅಕ್ಕನ ದನಿ ಕೇಳಿತು: "ಹಿಂದ ಹೂವು ಭಾಳಾತು ನೋಡವಾ."

ನಾನು ತಿರುಗಿ ನೋಡಲಿಲ್ಲ.

ನನ್ನ ಲಗ್ನವಾದ ಮೂರನೇ ವರ್ಷ ಅಕ್ಕ ತೀರಿಹೋದಳು. ಅಷ್ಟರಲ್ಲಿ ಎಷ್ಟು ಸಲ ತವರಿಗೆ ಹೋಗಿದ್ದೆನೋ… ರಸ್ತೆ ದಾಟಿ ಅವಳ ಮುಂದೆ ಕೂರುವ ಮುಖ ನನಗಿರಲಿಲ್ಲ. ಆಮೇಲೆ ಪಾರ್ಲರ್ ತೆರೆದೆ, ಕಂಡವರ ತಲೆಯ ಮೇಲೆಲ್ಲ ಆ ಹಿಂಭಾಗವನ್ನು ಪ್ರಯತ್ನಿಸಿದೆ. ಐದು ಎಳೆಯೋ, ಏಳೋ? ಅವ್ವನನ್ನು ಕೇಳಿದರೆ "ಭಾಳ ಚಂದಿತ್ತವಾ" ಅನ್ನುತ್ತಾಳೆ, ಅಷ್ಟೆ.

ನಿನ್ನೆಯೂ ಮುಂಭಾಗ ಕಲ್ಲಿನವಳಂತೆಯೇ ಬಂತು. ಹಿಂದೆ ಎಳೆ ತೆಗೆದು ಮರುಗ ಸಿಕ್ಕಿಸಿದೆ, ಜಾರಿತು. ಪಿನ್ ಚುಚ್ಚಿದೆ, ಆದರೂ ಜಾರಿತು. ಕೊನೆಗೆ ದಂಡೆ ಸುತ್ತಿದೆ.

"ಹಿಂದ ಹೆಂಗ ಕಾಣ್ತದ ತೋರಿಸ್ರೀ ಮೇಡಂ," ಎಂದಳು ಹುಡುಗಿ.

ಅವಳ ಹಿಂದೊಂದು ಕನ್ನಡಿ ಹಿಡಿದೆ. ಬರೀ ಹೂವು. ಹುಡುಗಿ ಖುಷಿಯಿಂದ ಕತ್ತು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಭಾಳಾತು ಎಂದು ಹೇಳುವವರು ಯಾರೂ ಅಲ್ಲಿರಲಿಲ್ಲ.