ಗೋಣಿಯೊಳಗೆ ನಡೆದಾಡಿದ ತೇವ

ಕಳೆದ ವಾರ ನನ್ನ ಹೆಂಡತಿ ಸಾವಿತ್ರಿ ಒಂದು ಲ್ಯಾಪ್‌ಟಾಪಿನ ಜೊತೆ ಜಗಳವಾಡಿದಳು. ಪಕ್ಕದಲ್ಲೇ ಇದ್ದ ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ.

ಆದದ್ದು ಇಷ್ಟು. ಕಾರಡ್ಕದ ಹತ್ತಿರ ನಾವು ಅಡಿಕೆ ಕೊಡುವ ಸೊಸೈಟಿಗೆ ಕಾಲೇಜಿನ ಮೇಡಂ ಒಬ್ಬರು ಹೊಸ ಮೆಷಿನ್ ತಂದಿದ್ದರು. ಎರಡು ಆಂಟೆನಾಗಳ ನಡುವೆ ಮೂಟೆ ಇಟ್ಟರೆ ಮೈಕ್ರೋವೇವ್ ಅದರೊಳಗಿಂದ ಹಾದುಹೋಗುತ್ತದೆ. ತೇವವಿರುವ ಜಾಗ ಲ್ಯಾಪ್‌ಟಾಪಿನ ಸ್ಕ್ರೀನಿನಲ್ಲಿ ಕೆಂಪಗೆ ಕಾಣುತ್ತದೆ. (ಅನ್ನ ಬಿಸಿ ಮಾಡುವ ಮೈಕ್ರೋವೇವೇ? ಅದೇ ಜಾತಿಯಂತೆ, ಅಷ್ಟು ಜೋರಿಲ್ಲ.)

ಮೊದಲ ಪರೀಕ್ಷೆ ನಮ್ಮ ಮೂಟೆಗೇ. ನಟ್ಟನಡುವೆ ಮುಷ್ಟಿಯಷ್ಟು ಕೆಂಪು.

"ಚಂಡಿ ಉಂಟು," ಎಂದರು ಸೆಕ್ರೆಟರಿ ಭಟ್ಟರು. ಚಂಡಿ ಎಂದರೆ ನಮ್ಮ ಕಡೆ ಒದ್ದೆ.

ಸಾವಿತ್ರಿ ನಲವತ್ತು ದಿನ ಅಂಗಳದಲ್ಲಿ ಮಗುಚಿ ಮಗುಚಿ ಒಣಗಿಸಿದ ಅಡಿಕೆ ಅದು. ಒದ್ದೆಯೆಂದು ವಾಪಸ್ ಬಂದರೆ ನೆರೆಕರೆಯಲ್ಲಿ ಅವಳು ತಲೆ ಎತ್ತುವುದು ಹೇಗೆ?

"ಎಂತ ಚಂಡಿ? ಬಿಚ್ಚಿ ನೋಡಿ."

"ಬಿಚ್ಚಲಿಕ್ಕಿಲ್ಲ ಅಕ್ಕ," ಎಂದರು ಮೇಡಂ ವಿನಯದಿಂದ. "ಬಿಚ್ಚದೆ ತಿಳಿಯಲಿಕ್ಕೇ ಈ ಮೆಷಿನ್."

ಇನ್ನೊಮ್ಮೆ ಸ್ಕ್ಯಾನ್ ಮಾಡಿದರು. ಕೆಂಪು ಎಡಕ್ಕೆ ಸರಿದಿತ್ತು. ಮೂರನೆಯ ಸಲ ಮೂಟೆಯ ಬಾಯಿಯ ಹತ್ತಿರ ಬಂದಿತ್ತು. ಮೇಡಂ ಕೇಬಲ್ ಬಿಗಿ ಮಾಡಿದರು. ಭಟ್ಟರು ಫ್ಯಾನ್ ಆಫ್ ಮಾಡಿದರು. (ಫ್ಯಾನಿಗೂ ಇದಕ್ಕೂ ಎಂತ ಸಂಬಂಧ? ಯಾರೂ ಕೇಳಲಿಲ್ಲ.)

"ಚಂಡಿ ನಡೀತಾ ಉಂಟಲ್ಲ ಮಾರಾಯ್ರೇ," ಎಂದರು ಭಟ್ಟರು ಮೆಲ್ಲಗೆ.

ಸಾವಿತ್ರಿ ಮೇಜಿನ ಮೇಲಿದ್ದ ಕತ್ತರಿ ತೆಗೆದು ಹೊಲಿಗೆಯನ್ನು ಕಚಕ್ಕನೆ ಕತ್ತರಿಸಿದಳು. ಒಳಗಿಂದ ಕಪ್ಪೆಯೊಂದು ಭಟ್ಟರ ರಿಜಿಸ್ಟರಿನ ಮೇಲೆ ಹಾರಿತು. ಅಲ್ಲಿಂದ ಕಿಟಕಿಗೆ. ಕಿಟಕಿಯಿಂದ ಹೊರಗೆ.

ಅವಳು ಅಲ್ಲೇ ಇದ್ದ ಅಡಕತ್ತರಿಯಲ್ಲಿ ನಾಲ್ಕು ಅಡಿಕೆ ಕತ್ತರಿಸಿ ತೋರಿಸಿದಳು. ಎಲ್ಲ ಒಣ. ಮೇಡಂಗೂ ಖುಷಿಯೋ ಖುಷಿ. "ಮೆಷಿನ್ ಸರಿಯಾಗಿಯೇ ಹೇಳಿದೆ. ಕಪ್ಪೆಯ ಮೈಯಲ್ಲಿ ಹೆಚ್ಚಿನದ್ದೂ ನೀರೇ ಅಲ್ವಾ?"

ಆದರೆ ಫಾರ್ಮಿನಲ್ಲಿ ಇದ್ದದ್ದು ಎರಡೇ ಕಾಲಂ: ಒಣ, ಒದ್ದೆ. ಒದ್ದೆಯೆಂದು ಪ್ರಿಂಟ್ ಬಂದಾಗಿತ್ತು. ಮತ್ತೊಮ್ಮೆ ಸ್ಕ್ಯಾನ್ ಮಾಡಬಹುದಲ್ಲ? ಇಲ್ಲ, ಬಾಯಿ ಬಿಚ್ಚಿದ ಮೂಟೆಗೆ ಪರೀಕ್ಷೆ ಇಲ್ಲ. ಭಟ್ಟರು ಬಹಳ ಹೊತ್ತು ಯೋಚಿಸಿ ಬರೆದರು: "ಒದ್ದೆ ಇತ್ತು. ಕಿಟಕಿಯ ಮೂಲಕ ಹೋಗಿದೆ." ಅಡಿಕೆ ಪಾಸಾಯಿತು.

ಆ ಮೂಟೆಯನ್ನು ನಾನೇ ಬಾವಿಕಟ್ಟೆಯ ಬಳಿ ಕೂತು ಹೊಲಿದದ್ದು ಎಂಬುದನ್ನು ಅಲ್ಲಿ ಹೇಳಲಿಲ್ಲ. ರಿಕ್ಷಾದಲ್ಲಿ ಹೇಳಿದೆ. ಸಾವಿತ್ರಿ ಕೇಳಿದಳು:

"ಅಲ್ಲ, ಅಡಿಕೆ ಒಣಗಿದೆ ಎಂದು ನಾನು ಹೇಳಿದರೆ ಸಾಕಾಗುವುದಿಲ್ಲ, ಕಪ್ಪೆಯೇ ಹೊರಗೆ ಬಂದು ಹೇಳಬೇಕಾ?"