ಹತ್ತೊಂಬತ್ತನೇ ಸೈಟಿನ ಅಂಕಲ್

ಅಂಕಲ್ ಅವರ ಎಡಗೈ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಪಿಕಪ್ ಟ್ರಕ್ಕಿನ ಹಿಂದೆ ಟ್ರೈಲರ್ ಸಿಕ್ಕಿಸುವಾಗ ಕೊಂಡಿ ಕಚ್ಚಿ ಉಳಿದರ್ಧ ಹೋಗಿತ್ತಂತೆ. ಆ ಮೊಂಡು ಬೆರಳನ್ನೇ ಗಾಳಿಯಲ್ಲಿ ಎಡಕ್ಕೆ ಬಲಕ್ಕೆ ಆಡಿಸುತ್ತ ಅವರು ನನಗೆ ಟ್ರೈಲರ್ ರಿವರ್ಸ್ ತೆಗೆಯುವುದನ್ನು ಕಲಿಸಿದರು. ಮೂರು ವಾರ ಚೆನ್ನಾಗಿ ಬೈಸಿಕೊಂಡೆ. ಧಾರವಾಡದ ಕಡೆಯವರು, ಎಷ್ಟು ಬೈದರೂ ಕೊನೆಗೊಂದು "ಯವ್ವಾ" ಸೇರಿಸುತ್ತಿದ್ದರು. ಹಾಗಾಗಿ ಸಿಟ್ಟು ಬರುತ್ತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನಾನು ಒಳ್ಳೆಯ ಮನಸ್ಸಿನಿಂದ ಬರೆಯುತ್ತಿಲ್ಲ. ಹೊಟ್ಟೆಯೊಳಗಿನ ಉರಿ ಇನ್ನೂ ಆರಿಲ್ಲ, ಆರುವುದು ನನಗೆ ಬೇಕಾಗಿಯೂ ಇಲ್ಲ.

2020ರಲ್ಲಿ ಕ್ಯಾಂಪಸ್ ಮುಚ್ಚಿ ರೂಮ್‌ಮೇಟ್‌ಗಳೆಲ್ಲ ದಿಕ್ಕಿಗೊಬ್ಬರಾದಾಗ, ಆರ್ಟೀಸಿಯಾ ಹತ್ತಿರ ಅಂಕಲ್ ಮತ್ತು ಆಂಟಿಯ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದೆ. ಎಂಟನೇ ದಿನಕ್ಕೆ ಆಂಟಿ ನನ್ನ ಸ್ಟೌವ್ ಕಿತ್ತಿಡಿಸಿ, ಊಟ ತಮ್ಮ ಜೊತೆಯೇ ಎಂದರು. ಅಂಕಲ್ ಎಲ್ ಸೆಗುಂಡೋದ ಒಂದು ಆಫೀಸಿನಲ್ಲಿ ದುಡಿದು ರಿಟೈರ್ ಆದವರು. ಮಕ್ಕಳಿರಲಿಲ್ಲ. ಇದ್ದದ್ದು ಒಳಗೇ ಉಂಡು ಮಲಗಬಹುದಾದ, ಚಕ್ರದ ಮೇಲಿನ ಮನೆಯಂಥ ಒಂದು ಹಳೆಯ ಟ್ರೈಲರ್, ಮತ್ತು ಇಪ್ಪತ್ತು ವರ್ಷದಿಂದ ಸದಸ್ಯರಾಗಿದ್ದ ಒಂದು ಟ್ರೈಲರ್ ಕ್ಲಬ್.

ಸ್ಯಾನ್ ಡಿಯೇಗೋದ ಪೂರ್ವದ ಗುಡ್ಡಗಳಲ್ಲಿ ಕ್ಲಬ್ಬಿಗೆ ಸ್ವಂತ ಕ್ಯಾಂಪ್ ಜಾಗವಿತ್ತು. ಸದಸ್ಯರು ಟ್ರೈಲರ್ ಎಳೆದುಕೊಂಡು ಬರುವುದು, ನಾಲ್ಕು ದಿನ ಇರುವುದು, ಇನ್ನೊಂದು ಊರಿಗೆ ಹೊರಡುವುದು. ವರ್ಷಕ್ಕೊಮ್ಮೆ ಗುದ್ದಲಿ ಹಿಡಿದು ಎಲ್ಲರೂ ಸೇರಿ ಕೆಲಸ ಮಾಡಬೇಕೆಂಬುದು ಅಲ್ಲಿನ ಪದ್ಧತಿ. ಅಲ್ಲಿನ ನೀರಿನ ಪೈಪುಗಳನ್ನು ನೆಲ ಅಗೆದು ಹೂತವರು ಅಂಕಲ್ ಮತ್ತು ಇನ್ನು ಮೂವರು. ಆ ಮೂವರೂ ಆಗಲೇ ತೀರಿಕೊಂಡಿದ್ದರು. ಪೈಪು ಎಲ್ಲಿ ಹೋಗಿದೆ, ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂಬ ನಕ್ಷೆಯನ್ನು ಅಂಕಲ್ ಕೈಯಾರೆ ಬರೆದು, ಫ್ರೇಮ್ ಹಾಕಿಸಿ, ಅಲ್ಲಿನ ಆಫೀಸಿನ ಗೋಡೆಗೆ ತೂಗುಹಾಕಿದ್ದರು. ಟ್ರೈಲರ್ ನಿಲ್ಲಿಸುವ ಸೈಟುಗಳಲ್ಲಿ ಹತ್ತೊಂಬತ್ತನೆಯದು ಇವರದು. ಬರೆದುಕೊಟ್ಟವರಿಲ್ಲ, ಆದರೂ ಓಕ್ ಮರದ ಕೆಳಗಿನ ಆ ಜಾಗವನ್ನು ಎಲ್ಲರೂ ಇವರಿಗೇ ಬಿಡುತ್ತಿದ್ದರು. ಆಂಟಿ ಬೆಳಿಗ್ಗೆ ಎದ್ದವರೇ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತು ಚಹಾ ಕುಡಿಯುತ್ತಿದ್ದರು. ಎರಡು ವರ್ಷ ನಾನೂ ಪಕ್ಕದಲ್ಲಿ ಕೂತು ಕುಡಿದಿದ್ದೇನೆ.

ಆಮೇಲೆ ಊರಿಗೆಲ್ಲ ಟ್ರೈಲರ್ ಹುಚ್ಚು ಹಿಡಿಯಿತು. ಕ್ಲಬ್ಬಿಗೆ ಹೊಸ ಮ್ಯಾನೇಜರ್ ಬಂದ. ಒಳ್ಳೆಯ ಸೈಟುಗಳಿಗೆಲ್ಲ ಕಾಂಕ್ರೀಟ್ ಸುರಿಸಿ, ತಿಂಗಳಾನುಗಟ್ಟಲೆ ಕದಲದೆ ನಿಲ್ಲುವ ದೊಡ್ಡ ಗಾಡಿಗಳಿಗೆ ಬಾಡಿಗೆಗೆ ಕೊಟ್ಟ. ಊರೂರು ತಿರುಗುವ ಹಳೆಯ ಸದಸ್ಯರಿಗೆ ಉಳಿದದ್ದು ಕಸದ ತೊಟ್ಟಿಯ ಪಕ್ಕದ ಇಳಿಜಾರು. ಆಫೀಸು ಹೊಸದಾಗಿ ಕಟ್ಟಿಸುವಾಗ ಗೋಡೆಯ ಫೋಟೋಗಳ ಜೊತೆ ಅಂಕಲ್ ನಕ್ಷೆಯನ್ನೂ ಕಸಕ್ಕೆ ಎಸೆದ. ಕೊನೆಗೆ, ಹತ್ತು ವರ್ಷ ಮೀರಿದ ಟ್ರೈಲರ್‌ಗೆ ಪ್ರವೇಶವಿಲ್ಲ ಎಂದು ರೂಲ್ ಮಾಡಿದ.

ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಆಂಟಿಗೆ ಕ್ಯಾನ್ಸರ್ ಎಂದು ಗೊತ್ತಾಗಿ ಒಂದು ವರ್ಷ ಆಸ್ಪತ್ರೆಯಲ್ಲೇ ಕಳೆದಿತ್ತು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಆಂಟಿ ಕೇಳಿದ್ದು ಒಂದೇ: ಹತ್ತೊಂಬತ್ತರಲ್ಲಿ ನಾಲ್ಕು ದಿನ. ದಿಂಬುಗಳ ನಡುವೆ ಅವರನ್ನು ಕೂರಿಸಿಕೊಂಡು ಹೊರಟೆವು. ಅಂದು ಟ್ರಕ್ ಓಡಿಸಿದವಳು ನಾನೇ.

ಗೇಟಿನಲ್ಲಿ ಮ್ಯಾನೇಜರ್ ನಮ್ಮ ಟ್ರೈಲರ್ ಸುತ್ತ ಒಂದು ಸುತ್ತು ಹಾಕಿದ. ಬಣ್ಣ ಹೋದ ಮೂಲೆಯ ಫೋಟೋ ತೆಗೆದುಕೊಂಡ. ಇಂಥದ್ದು ಒಳಗಿದ್ದರೆ ಜಾಗದ ಲುಕ್ ಹಾಳಾಗುತ್ತದೆ ಎಂದ. ಅಂಕಲ್ ಕೆಳಗಿಳಿದು ಹೆಂಡತಿಯ ಸ್ಥಿತಿ ಹೇಳಿದರು. ನಾಲ್ಕು ದಿನ ಬೇಡ, ಒಂದು ಬೆಳಗು ಸಾಕು, ಟ್ರೈಲರ್ ಹೊರಗೇ ಬಿಟ್ಟು ಕುರ್ಚಿ ಹಾಕಿ ಕೂರಿಸುತ್ತೇನೆ ಎಂದರು. ಅಂಕಲ್ ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದ ಆ ಪುಣ್ಯಾತ್ಮ, ನಗುನಗುತ್ತಲೇ.

ಕಿಟಕಿ ಇಳಿಸಿದ್ದರಿಂದ ಆಂಟಿಗೆ ಎಲ್ಲ ಕೇಳಿಸಿತ್ತು. "ನಡೀರಿ, ಮನಿಗೆ ಹೋಗೂಣು," ಎಂದರು. "ನೀವು ಅವನ ಮುಂದ ಹಿಂಗ ನಿಲ್ಲೂದು ನನಗ ನೋಡಾಕ ಆಗವಲ್ದು."

ಮೂರನೇ ವಾರ ಆಂಟಿ ತೀರಿಕೊಂಡರು.

ಹದಿಮೂರನೇ ದಿನದ ಊಟ ಮುಗಿದ ಮೇಲೆ ನಾನು ಅತ್ತು, ಆ ಮನುಷ್ಯನಿಗೆ ಹಿಡಿಶಾಪ ಹಾಕಿದೆ. ಅಂಕಲ್ ತಟ್ಟೆ ಒರೆಸುತ್ತಿದ್ದರು. "ಶಾಪ ಯಾಕ ಬೇಕವಾ? ಅವಾ ವಾಲ್ವಿನ ಮ್ಯಾಲ ಕಾಂಕ್ರೀಟ್ ಹಾಕ್ಯಾನ. ಗೇಟಿನಿಂದನ ಕಂಡೆ. ಪೈಪ್ ಒಡದ ದಿನ ಫೋನ್ ಬರತೈತಿ," ಎಂದರು.

ಹೆಚ್ಚುಕಡಿಮೆ ಒಂದು ವರ್ಷ ಕಾದರು. ಸ್ನಾನಕ್ಕೆ ಹೋದರೂ ಫೋನ್ ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಇರುತ್ತಿತ್ತು. ಬೇಸಿಗೆಯಲ್ಲಿ ಬಂದೇ ಬಂತು. ಪೈಪು ಒಡೆದು ನೀರು ಹರಿಯುತ್ತಿದೆ, ಪ್ಲಾಸ್ಟಿಕ್ ಪೈಪಾದ್ದರಿಂದ ನೆಲದಡಿ ಹುಡುಕುವ ಯಾವ ಮೆಷಿನ್ನಿಗೂ ಸಿಗುತ್ತಿಲ್ಲ, ಟ್ಯಾಂಕು ಖಾಲಿಯಾಗುತ್ತಿದೆ, ವಾಲ್ವ್ ಎಲ್ಲಿ ಎಂದು ಮ್ಯಾನೇಜರ್ ಕೇಳಿದ. ಬಂದು ಹೇಳುತ್ತೇನೆ ಎಂದರು ಅಂಕಲ್.

ಮರುದಿನ ಬೆಳಿಗ್ಗೆ ನಾವು ತಲುಪಿದಾಗ ಮ್ಯಾನೇಜರ್ ಓಡಿಬಂದು ತಾನೇ ಗೇಟು ತೆಗೆದ. ಅಂಕಲ್ ಒಳಗೆ ಕಾಲಿಡಲಿಲ್ಲ. ರಸ್ತೆಯ ಬದಿಯಲ್ಲಿ ಎರಡು ಮಡಿಸುವ ಕುರ್ಚಿ ಬಿಡಿಸಿದರು, ಒಂದರಲ್ಲಿ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ, ವಾಲ್ವ್ ಇರುವುದು ನನ್ನ ತಲೆಯೊಳಗೆ, ಈ ತಲೆಗೆ ಹತ್ತು ವರ್ಷ ಮೀರಿ ಬಹಳ ಕಾಲವಾಯಿತು, ನಿಮ್ಮ ರೂಲಿನ ಪ್ರಕಾರ ಒಳಗೆ ಬರುವಂತಿಲ್ಲ ಎಂದರು. ಆ ಮನುಷ್ಯನ ಮುಖದಿಂದ ನಗು ಇಳಿದದ್ದನ್ನು ನಾನು ಕಣ್ತುಂಬ ನೋಡಿದೆ. ಸುಳ್ಳು ಯಾಕೆ ಹೇಳಲಿ, ನನ್ನ ಮದುವೆಯ ದಿನವೂ ನನಗೆ ಅಷ್ಟು ಖುಷಿಯಾಗಿಲ್ಲ.

ಬೆಳಗಿನಿಂದ ಸಂಜೆಯವರೆಗೆ ಮ್ಯಾನೇಜರನ ಆಳುಗಳು ಕಾಂಕ್ರೀಟ್ ಒಡೆದರು. ನಾಲ್ಕು ಸೈಟು ಪುಡಿಪುಡಿಯಾದವು. ವಾಲ್ವ್ ಸಿಕ್ಕಿದ್ದು ಐದನೆಯದರ ಕೆಳಗೆ. ಮಧ್ಯಾಹ್ನ ಇಳಿಜಾರಿನ ಕಡೆಯಿಂದ ಒಬ್ಬ ಹಳೆಯ ಸದಸ್ಯೆ ಖಾಲಿ ಕ್ಯಾನು ಹಿಡಿದು ಬಂದು, ನೀನು ಶಿಕ್ಷೆ ಕೊಡುತ್ತಿರುವುದು ಅವನಿಗೋ ನಮಗೋ ಎಂದು ಕೇಳಿದಳು. ಅಂಕಲ್ ಎದ್ದು ಟ್ರಕ್ಕಿನ ಹಿಂಬಾಗಿಲು ತೆಗೆದರು. ಒಳಗೆ ಮನೆಯಿಂದ ತುಂಬಿಸಿ ತಂದಿದ್ದ ನೀರಿನ ಕ್ಯಾನುಗಳ ಸಾಲು. ತಿರುಗುವ ಸದಸ್ಯರ ಒಂದೊಂದು ಟ್ರೈಲರ್‌ಗೂ ನಾನೇ ಹೊತ್ತು ಕೊಟ್ಟೆ. ದೊಡ್ಡ ಗಾಡಿಗಳವರಿಗೆ ಕೊಡಲಿಲ್ಲ. ಅವರು ನಮಗೆ ಏನೂ ಮಾಡಿರಲಿಲ್ಲ, ಗೊತ್ತು. ಆದರೂ ಕೊಡಲಿಲ್ಲ.

ಆ ಗಲಾಟೆಯ ನಂತರ ಹಳೆಯ ಸದಸ್ಯರೆಲ್ಲ ಸಭೆಯಲ್ಲಿ ಸೇರಿ ಹತ್ತು ವರ್ಷದ ರೂಲ್ ತೆಗೆಸಿಹಾಕಿದರು. ಹತ್ತೊಂಬತ್ತನೇ ಸೈಟು ಇನ್ನು ಮುಂದೆ ನಿಮ್ಮದೇ ಎಂದು ಕ್ಲಬ್ಬಿನಿಂದ ಕಾಗದವೂ ಬಂತು. ಅಂಕಲ್ ಎರಡು ಸಲ ಓದಿದರು. "ಆಕಿ ಕೇಳಿದಾಗ ಇರಲಾರದ ಜಾಗ ಈಗ ಎಲ್ಲಿಂದ ಬಂತಂತ?" ಎಂದರು, ಅಷ್ಟೇ. ಮತ್ತೆ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ.

ಹೋದ ವರ್ಷ ಅಂಕಲ್ ಹೋದರು. ಆಸ್ಪತ್ರೆಯಲ್ಲಿ ಹತ್ತಿರ ಕರೆದು, ಇನ್ನೊಂದು ವಾಲ್ವ್ ಇದೆ, ಬಾವಿಯಿಂದ ಬರುವ ದೊಡ್ಡ ಪೈಪಿನದು ಎಂದು ಗುರುತು ಹೇಳಿದರು. ಎಲ್ಲಿ, ಎಷ್ಟು ಆಳ, ಯಾವ ಕಲ್ಲಿನಿಂದ ಎಷ್ಟು ಹೆಜ್ಜೆ. ಅದರ ಮೇಲೆ ಈಗ ಮ್ಯಾನೇಜರನ ಹೊಸ ಆಫೀಸು ಕೂತಿದೆ. ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಡಲು ಹೋದೆ. ಅವರು ತಲೆಯಾಡಿಸಿದರು.

"ಬ್ಯಾಡ ಯವ್ವಾ. ಕೇಳಿದ್ರ ಹೇಳಿಬಿಡು. ನನ್ನ ಸಿಟ್ಟು ನನ್ನ ಕೂಡ ಹೋಗ್ಲಿ, ನಿನಗ್ಯಾಕ?"

ಈಗ ನಾನು ಸ್ಯಾನ್ ಡಿಯೇಗೋದ ಫೋರ್ ಎಸ್ ರ‍್ಯಾಂಚ್ ಬಡಾವಣೆಯಲ್ಲಿದ್ದೇನೆ. ಟ್ರೈಲರ್ ನನ್ನ ಹೆಸರಿನಲ್ಲಿದೆ, ಕ್ಲಬ್ಬಿನ ಸದಸ್ಯತ್ವವೂ. ಅಂಕಲ್ ಹೋಗದ ಜಾಗಕ್ಕೆ ನಾನು ಹೋಗುತ್ತೇನೆ. ವರ್ಷಕ್ಕೆರಡು ಸಲ ಹತ್ತೊಂಬತ್ತರಲ್ಲಿ ಒಂದೇ ಏಟಿಗೆ ರಿವರ್ಸ್ ತೆಗೆದು ನಿಲ್ಲಿಸುತ್ತೇನೆ. ಈ ವಸಂತದಲ್ಲಿ ಮ್ಯಾನೇಜರ್ ತಾನಾಗಿ ಬಂದ. ಬಾವಿಯ ಕಡೆ ನೀರಿನ ಒತ್ತಡ ಇಳಿಯುತ್ತಿದೆ ಎಂದ. ಈ ಸಲ ನಿಜಕ್ಕೂ ವಿನಯವಾಗಿಯೇ ಕೇಳಿದ, ನಿಮ್ಮ ಅಂಕಲ್ ಏನಾದರೂ ಬರೆದಿಟ್ಟು ಹೋಗಿದ್ದಾರೆಯೇ ಎಂದು.

ನಾನು ಆಂಟಿ ಕೂರುತ್ತಿದ್ದ ಮರದ ಬುಡದಲ್ಲಿ ಕೂತಿದ್ದೆ. ಬರೆದದ್ದು ಏನೂ ಇಲ್ಲ ಎಂದೆ. ಅವನು ಥ್ಯಾಂಕ್ಸ್ ಹೇಳಿ ಹೋದ.